ಗುರುತು ಹತ್ತಿದ ಮೇಲೂ

"ಕೀಬೋರ್ಡ್ ಮೇಲಿಂದ ಕೈ ತೆಗೀರಿ."

ಇರುಪೆ ತೆಗೆಯಲಿಲ್ಲ. ಅವಳ ಪರದೆ ಪೂರ್ತಿ ಕಪ್ಪಾಗಿತ್ತು. ಆ ಕಪ್ಪಿನೊಳಗೆ ಒಂದು ಕ್ರೇನು ಕಂಟೇನರುಗಳನ್ನು ಎತ್ತಿ ಇಡುತ್ತಿತ್ತು. ಅವಳಿಗೆ ಅದು ಕೇಳಿಸುತ್ತಿತ್ತು.

"ನಿಮಗೇ ಹೇಳಿದ್ದು. ದೃಶ್ಯ ಸತ್ತುಹೋಗಿದೆ. ಕೈ ತೆಗೀರಿ."

"ಸತ್ತಿಲ್ಲ. ದೀಪ ಆರಿಸಿದೀನಿ."

"ಏನು?"

"ದೃಶ್ಯದೊಳಗಿನ ದೀಪ ಎಲ್ಲಾ ಆರಿಸಿದೀನಿ. ಸ್ವಲ್ಪ ಸುಮ್ನಿರಿ, ಕೇಳಿಸ್ಕೋಬೇಕು."

ಪರೀಕ್ಷಾ ಕೊಠಡಿಯಲ್ಲಿ ಯಾರೋ ಕಿಸಕ್ಕೆಂದರು. ಮೇಲ್ವಿಚಾರಕ ಬಗ್ಗಿದ. ಕೇಳದೆಯೇ ಅವಳ ಹೆಡ್‌ಫೋನಿನ ಒಂದು ಬದಿಯನ್ನು ಎಳೆದು ತನ್ನ ಕಿವಿಗೆ ಒತ್ತಿಕೊಂಡ. ಅವನ ಕೆನ್ನೆ ಅವಳ ಕೆನ್ನೆಯಿಂದ ಒಂದು ಬೆರಳಿನಷ್ಟು ದೂರ. ಅವನ ಉಸಿರಲ್ಲಿ ಯೆರ್ಬಾ ಎಲೆಯ ಕಷಾಯದ ಕಹಿ ವಾಸನೆ.

ಠಣ್. ಒಂದು ಕಂಟೇನರ್ ನೆಲ ಮುಟ್ಟಿತು.

ಠಣ್. ಎರಡನೆಯದು.

ಆಮೇಲೆ... ಏನೂ ಇಲ್ಲ.

"ಮೂರನೇದು ನೆಲದೊಳಗೆ ಇಳಿದುಹೋಯ್ತು," ಎಂದಳು ಇರುಪೆ. "ತಪ್ಪು ಅಲ್ಲೇ ಇರೋದು. ಬೆಳಕಿದ್ರೆ ನೆರಳು ಅದನ್ನ ಮುಚ್ಚಿಹಾಕುತ್ತೆ."

ಅವನು ಹೆಡ್‌ಫೋನ್ ಬಿಡಲಿಲ್ಲ. "ಇದನ್ನ ಯಾರು ಕಲಿಸಿದ್ರು?"

"ಹಳೇ ಕಂಪ್ಯೂಟರ್. ದೀಪ ಹಚ್ಚಿದ್ರೆ ಅದಕ್ಕೆ ಉಸಿರೇ ನಿಂತ್ಹೋಗ್ತಿತ್ತು. ಅದಕ್ಕೇ ಕತ್ತಲಲ್ಲೇ ಕೆಲಸ ಮಾಡಿ ಅಭ್ಯಾಸ."

ಅವನು ನಕ್ಕ. ಗಡಿಯಾರ ನಗಲಿಲ್ಲ, ನಿಲ್ಲಲೂ ಇಲ್ಲ. ಕೊನೆಯ ಕೊಂಡಿಯೊಂದನ್ನು ಸರಿಪಡಿಸುವುದಿತ್ತು, ಅಷ್ಟರಲ್ಲಿ ಪರದೆಗೆ ಬೀಗ ಬಿತ್ತು.

ಇರುಪೆ ಫೇಲಾದಳು.

ಪರೀಕ್ಷೆ ಇದ್ದದ್ದು ತೆರೋದಲ್ಲಿ. ಅದು ಒಂದು ಗೇಮ್ ಎಂಜಿನ್, ಕಂಪ್ಯೂಟರ್ ಆಟ ಕಟ್ಟುವ ತಂತ್ರಾಂಶ. ಮಕ್ಕಳ ಆಟಕ್ಕಲ್ಲ. ಬಂದರಿನ ಕ್ರೇನು ನಡೆಸುವವರು, ಹಡಗು ಎಳೆಯುವ ಟಗ್ ದೋಣಿ ನಡೆಸುವವರು ನಿಜವಾದ ಯಂತ್ರ ಮುಟ್ಟುವ ಮೊದಲು ಆಡಿ ಕಲಿಯುವ ಆಟಗಳನ್ನು ಅದರಲ್ಲಿ ಕಟ್ಟುತ್ತಾರೆ. ಕಂಟೇನರ್ ನೆಲದೊಳಗೆ ಇಳಿಯುವಂಥ ಆಟದಲ್ಲಿ ಅವರು ಕಲಿತರೆ, ನಾಳೆ ಬಂದರಿನಲ್ಲಿ ಯಾರದೋ ಕಾಲು ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರು ಸಹಿ ಹಾಕದೆ ಒಂದು ಆಟವೂ ಹೊರಗೆ ಹೋಗುವಂತಿಲ್ಲ.

ದೇಶದಲ್ಲಿ ಅಂಥವರು ಒಂದು ಊಟದ ಮೇಜಿನ ಸುತ್ತ ಹಿಡಿಯುವಷ್ಟು ಜನ. ಗಡಿಯಾಚೆಗೂ, ವಾಲ್ಪರೈಸೊದಿಂದ ಸಾಂತೋಸ್‌ವರೆಗೆ ಖಂಡದ ಪ್ರತಿ ಬಂದರೂ ಅವರನ್ನು ಬೇಟೆಯಾಡುತ್ತಿತ್ತು. ಪ್ರಮಾಣಪತ್ರ ಇಲ್ಲದವರು ಎಷ್ಟೇ ಬಲ್ಲವರಾದರೂ ಬೇರೆಯವರ ಸಹಿಯ ನೆರಳಲ್ಲಿ ದುಡಿಯಬೇಕು, ಹೆಸರಿಲ್ಲದೆ.

ಇರುಪೆಗೆ ಬೇಕಾಗಿದ್ದದ್ದು ಅದೊಂದೇ. ತನ್ನ ಕೆಲಸದ ಕೆಳಗೆ ತನ್ನ ಸಹಿ.

ಬಸ್ ನಿಲ್ದಾಣದಲ್ಲಿ ಗಾಳಿ ಜನರನ್ನು ಗೋಡೆಗೆ ಒತ್ತುತ್ತಿತ್ತು. ಆ ಮೇಲ್ವಿಚಾರಕ, ರಮಿರೊ ಬೆಂತಾಂಕುರ್, ಜಾಕೆಟ್ಟನ್ನು ಕೈಯಲ್ಲೇ ಹಿಡಿದು ಓಡಿಬಂದ.

"ನಾನು ತಡೆದಿದ್ದಕ್ಕೇ ನಿಮಗೆ ಹೊತ್ತು ಸಾಲಲಿಲ್ಲ."

"ಗೊತ್ತು."

"ಬೈಯಲ್ವಾ?"

"ಬಸ್ ಬರ್ಲಿ ಅಂತ ಕಾಯ್ತಿದೀನಿ. ಬೈದು ತಕ್ಷಣ ಹತ್ತಿಬಿಡಬಹುದು."

ಬಸ್ಸು ಬಂತು. ಅವಳು ಬೈಯಲೂ ಇಲ್ಲ, ಹತ್ತಲೂ ಇಲ್ಲ.

ರಮಿರೊ ಪ್ರಮಾಣಪತ್ರ ಪಡೆದವರಲ್ಲಿ ಒಬ್ಬ; ಹಳೇ ಪೇಟೆಯಲ್ಲಿ ಇಂಥ ಆಟ ಕಟ್ಟುವ ಅವನದೊಂದು ಸ್ಟುಡಿಯೊ ಇತ್ತು. ಅಲ್ಲಿ ಅವಳಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಚಳಿಗಾಲ ಬರುವ ಹೊತ್ತಿಗೆ ಅವನ ಮನೆಯ ಬೀಗದ ಕೈಯೂ ಸಿಕ್ಕಿತು. ಯೆರ್ಬಾ ಎಲೆ ತುಂಬಿದ ಸೋರೆ ಬುರುಡೆಗೆ ಬಿಸಿನೀರು ಹೊಯ್ದು ಮೊದಲ ಕಹಿ ಗುಟುಕನ್ನು ತಾನು ಕುಡಿದು, ಎರಡನೆಯದನ್ನು ಅವಳಿಗೆ ಕೊಡುತ್ತಿದ್ದ. ಅವಳನ್ನು ಫ್ಲಾಕಾ ಎನ್ನುತ್ತಿದ್ದ, ಸಣಕಲಿ.

ಅವಳು ಆಟಗಳನ್ನು ಕಟ್ಟಿದಳು. ಅವನು ಸಹಿ ಹಾಕಿದ. ಬಂದರಿನವರು ಅವನನ್ನು ಹೊಗಳಿದರು. ಆ ಹೊಗಳಿಕೆಯನ್ನು ಅವನು ಒಂದು ಮಾತೂ ಬಿಡದೆ ಮನೆಗೆ ತಂದು ಅವಳಿಗೆ ಒಪ್ಪಿಸುತ್ತಿದ್ದ. ಎಂಥಾ ಪ್ರಾಮಾಣಿಕ ಮನುಷ್ಯ, ಎಂದುಕೊಳ್ಳುತ್ತಿದ್ದಳು ಇರುಪೆ. ಬೇರೆಯವರಾದರೆ ಇಟ್ಟುಕೊಂಡುಬಿಡುತ್ತಿದ್ದರು.

"ಮುಂದಿನ ಸಲ ನೀನೇ ಸಹಿ ಹಾಕ್ತೀಯ, ಫ್ಲಾಕಾ."

"ಆಮೇಲೆ ನಿನ್ನ ಸಹಿ ಯಾರಿಗೆ ಬೇಕು?"

ಅವನು ನಕ್ಕ. ಸ್ವಲ್ಪ ತಡವಾಗಿ ನಕ್ಕ. ಅವಳು ಗಮನಿಸಲಿಲ್ಲ. ಪ್ರೀತಿಸುವವರು ಇಂಥದ್ದನ್ನು ಗಮನಿಸುವುದಿಲ್ಲ.

ವಾಲ್ಪರೈಸೊದ ಒಂದು ಕಂಪನಿ ಅವಳಿಗೆ ಮಾತು ಕೊಟ್ಟಿತು. ಪಾಸಾದ ಮರುದಿನವೇ ಬನ್ನಿ, ಇಡೀ ಬಂದರಿನ ಆಟಗಳಿಗೆ ನಿಮ್ಮದೇ ಸಹಿ.

"ಹೋಗು," ಎಂದ ರಮಿರೊ. "ನಿನ್ನಂಥವಳನ್ನ ಕಟ್ಟಿಹಾಕೋಕಾಗುತ್ತಾ?"

"ನೀನೂ ಬಾ."

"ನೋಡೋಣ."

ಎರಡನೆಯ ಪರೀಕ್ಷೆಯಲ್ಲಿ ಕ್ರೇನಿರಲಿಲ್ಲ. ಅಲೆಯಲ್ಲಿ ಸಿಕ್ಕ ಟಗ್ ದೋಣಿ. ಈ ಪರೀಕ್ಷೆಗೆ ಒಂದು ಪದ್ಧತಿಯಿದೆ. ಕೊಠಡಿ ಕಾಯುವವರು ಅಂಕ ಕೊಡುವುದಿಲ್ಲ. ಅಭ್ಯರ್ಥಿಯ ಪರದೆಯಲ್ಲಿ ನಡೆದದ್ದೆಲ್ಲ ದಾಖಲಾಗಿ, ಹೆಸರಿಲ್ಲದೆ, ಪ್ರಮಾಣಪತ್ರ ಪಡೆದವರಲ್ಲೇ ಒಬ್ಬರ ಕೈ ಸೇರುತ್ತದೆ. ನೋಡುತ್ತಿರುವಾಗ ಇದು ಇಂಥವರ ಕೆಲಸ ಎಂದು ಗುರುತು ಹತ್ತಿದರೆ ದಾಖಲೆಯನ್ನು ಹಿಂದಿರುಗಿಸಬೇಕು. ಕಾರಣ ಯಾರೂ ಕೇಳುವುದಿಲ್ಲ. ಬೇರೆಯವರು ನೋಡುತ್ತಾರೆ, ಅಷ್ಟೆ.

ಎರಡು ಸಲ ಫೇಲಾದವರಿಗೆ ಮೂರು ವರ್ಷ ಬಾಗಿಲು ಮುಚ್ಚುತ್ತದೆ.

ಆ ದಿನ ಇರುಪೆಯ ಕೈ ಎಲ್ಲೂ ತಡವರಿಸಲಿಲ್ಲ. ಹೊತ್ತು ಉಳಿದಿತ್ತು. ಹೊರಗೆ ಬಂದವಳು ಬೀದಿಯಲ್ಲಿ ಒಬ್ಬಳೇ ನಗುತ್ತಾ ನಡೆದಳು. ಎದುರಿಗೆ ಬಂದ ಮುದುಕನೊಬ್ಬ ತನಗೇ ನಕ್ಕಳೆಂದು ಟೋಪಿ ತೆಗೆದ.

ಫಲಿತಾಂಶ ಬಂತು. ಫೇಲು.

ರಮಿರೊ ಅವಳನ್ನು ಎದೆಗೆ ಒತ್ತಿಕೊಂಡ. ಹೊರಗೆ ಮಳೆ, ಅವನು ಒಲೆಯ ಮುಂದೆ ನಿಂತು ಹಿಟ್ಟು ತಟ್ಟಿ ಎಣ್ಣೆಯಲ್ಲಿ ಕರಿದುಕೊಟ್ಟ. ಸಕ್ಕರೆ ಉದುರಿಸಿ, ಚಿಕ್ಕ ಮಗುವಿಗೆ ತಿನ್ನಿಸುವ ಹಾಗೆ ಮುರಿಮುರಿದು ತಿನ್ನಿಸಿದ.

"ಮೂರು ವರ್ಷ ಏನು ಮಹಾ? ನಾನಿದೀನಲ್ಲ."

"ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ..."

"ಆಗುತ್ತೆ ಹಾಗೆ. ಬಿಡು."

'ಇವನಿಲ್ಲದಿದ್ದರೆ ನಾನು ಸತ್ತೇಹೋಗುತ್ತಿದ್ದೆ,' ಎಂದುಕೊಂಡಳು ಅವಳು. ಕೃತಜ್ಞತೆಯಿಂದ ಮತ್ತಷ್ಟು ಅತ್ತಳು. ವಾಲ್ಪರೈಸೊದವರು ಆ ವಾರವೇ ಬೇರೆ ಯಾರನ್ನೋ ಹುಡುಕಿಕೊಂಡರು.

ಮಾರ್ಚ್ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ. ರಮಿರೊನ ಮಹಡಿಯ ಮೇಲೆ ಕೆಂಡದ ಮೇಲೆ ಮಾಂಸ ಬೇಯುತ್ತಿತ್ತು. ತೆರೋದವರು ನಾಲ್ಕೈದು ಜನ ಸೇರಿದ್ದರು. ರಮಿರೊ ಈರುಳ್ಳಿ ಹೆಚ್ಚಲು ಕೆಳಗೆ ಹೋಗಿದ್ದ. ನೆಲ್ಸಾ, ಇವರಲ್ಲೆಲ್ಲ ಹಿರಿಯಳು, ಪ್ರಮಾಣಪತ್ರ ಪಡೆದ ಮೊದಲಿಗಳು, ವೈನಿನ ಲೋಟ ಹಿಡಿದು ಇರುಪೆಯ ಪಕ್ಕ ಕೂತಳು.

"ಏನೇ ಹುಡುಗಿ, ಇನ್ನೂ ಮುಖ ಊದಿಸ್ಕೊಂಡಿದೀಯಾ? ನಿನಗಿಂತ ದೊಡ್ಡ ಹುಚ್ಚರೂ ಫೇಲಾಗಿದಾರೆ ಕಣೇ. ರಮಿರೊ ನಂಗೆ ಒಬ್ಬರ ಕಥೆ ಹೇಳಿದ. ನಗು ತಡೆಯೋಕಾಗ್ಲಿಲ್ಲ."

"ಯಾರ ಕಥೆ?"

"ಹೆಸರೆಲ್ಲಿರುತ್ತೆ? ಈ ಸಲದ್ದೇ, ಟಗ್ ದೋಣೀದು. ಆ ಪುಣ್ಯಾತ್ಮ ದೋಣಿ ನಡೀತಿರೋವಾಗ ದೀಪ ಎಲ್ಲಾ ಆರಿಸಿಬಿಟ್ಟನಂತೆ. ರಮಿರೊ ಕಪ್ಪು ಪರದೆ ನೋಡ್ಕೊಂಡು ಕೂತಿದ್ನಂತೆ, ಸಿನಿಮಾ ಮುಗಿದ ಮೇಲೂ ಏಳದವನ ಥರ."

ನೆಲ್ಸಾ ತೊಡೆ ತಟ್ಟಿಕೊಂಡು ನಕ್ಕಳು. ಇರುಪೆಯೂ ನಕ್ಕಳು. ಬಾಯಿ ತಾನಾಗಿ ನಕ್ಕಿತು, ಅವಳು ಅದರ ಹಿಂದೆ ಎಲ್ಲೋ ದೂರದಲ್ಲಿದ್ದಳು.

"ಎಲ್ಲಿಗೆ ಹೊರಟೆ?"

"ಉಪ್ಪು ತರ್ತೀನಿ."

ಮೆಟ್ಟಿಲು ಇಳಿದಳು. ಅಡುಗೆಮನೆಯಲ್ಲಿ ರಮಿರೊನ ಬೆನ್ನು ಕಂಡಿತು. ಆ ಬೆನ್ನನ್ನು ಅವಳು ಎಷ್ಟು ಪ್ರೀತಿಸಿದ್ದಳೆಂದರೆ, ಒಂದು ಕ್ಷಣ ಏನೂ ಕೇಳದೆ ಮರಳಿ ಮೇಲೆ ಹೋಗಿಬಿಡೋಣ ಎನ್ನಿಸಿತು.

"ಟಗ್ ದೋಣಿ ನಿನ್ನ ಹತ್ರ ಬಂದಿತ್ತಾ?"

ಚಾಕು ನಿಂತಿತು. ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ.

"ಬಂದಿತ್ತು."

"ಗುರುತು ಹತ್ತಿತಾ?"

"ಪರದೆ ಕಪ್ಪಾಗ್ತಿದ್ದ ಹಾಗೇ." ಅವನು ತಿರುಗಿದ. ಈರುಳ್ಳಿಯಿಂದ ಅವನ ಕಣ್ಣು ತುಂಬಿತ್ತು. ಅದು ಈರುಳ್ಳಿಯದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

"ವಾಪಸ್ ಕೊಡಬಹುದಿತ್ತಲ್ಲ, ರಮಿ."

"ಕೊಟ್ಟಿದ್ರೆ ಬೇರೆಯವರು ಪಾಸ್ ಮಾಡ್ತಿದ್ರು."

ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಇರುಪೆ ಮೇಜಿನ ಅಂಚು ಹಿಡಿದಳು.

"ಚೆನ್ನಾಗಿತ್ತಾ?"

"ಏನು?"

"ನನ್ನ ಕೆಲಸ. ಚೆನ್ನಾಗಿತ್ತಾ?"

"ಅಂಥದ್ದು ನಾನು ನೋಡೇ ಇರಲಿಲ್ಲ. ಮತ್ತೆ ಮತ್ತೆ ನೋಡಿದೆ. ಆಮೇಲೆ ಫೇಲ್ ಅಂತ ಹಾಕಿದೆ."

ಇಷ್ಟು ಒಳ್ಳೆಯ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಇವತ್ತು, ಇಲ್ಲಿ, ಇವನೇ ಹೇಳಬೇಕೆ...

"ಏನು ಕಾರಣ ಕೊಟ್ಟೆ?"

"ಕ್ರಮ ತಪ್ಪಿದೆ, ದೃಶ್ಯ ನಡುವೆ ನಿಂತುಹೋಗಿದೆ ಅಂತ. ಇರುಪೆ, ನೀನು ಹೋಗಿಬಿಡ್ತಿದ್ದೆ. ನಿನ್ನ ಬಿಟ್ಟು ನಂಗೆ ಆಗಲ್ಲ."

"ನನ್ನ ಬಿಟ್ಟು ಆಗಲ್ವಾ, ನನ್ನ ಕೆಲಸ ಬಿಟ್ಟು ಆಗಲ್ವಾ?"

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ, ಅದೇ ಘೋರ.

"ಬೇರೆ ಬೇರೆ ಅಂತ ನಂಗೆ ಯಾವತ್ತೂ ಅನ್ನಿಸಿಲ್ಲ."

"ಅವತ್ತು ನಂಗೆ ತಿನ್ನಿಸಿದೆಯಲ್ಲ. ಸಕ್ಕರೆ ಹಾಕಿ."

"ನಿನ್ನ ಅಳು ನೋಡೋಕಾಗ್ಲಿಲ್ಲ."

ಅದೂ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಒಂದು ಪಾತ್ರೆ ಎತ್ತಿ ಎಸೆಯಬಹುದಿತ್ತು.

"ಪರೀಕ್ಷಾ ಮಂಡಳಿಗೆ ಹೇಳು," ಎಂದಳು. "ಗುರುತು ಹತ್ತಿತ್ತು, ವಾಪಸ್ ಕೊಡ್ಲಿಲ್ಲ ಅಂತ ಹೇಳು. ಅವರು ಇನ್ನೊಬ್ಬರ ಹತ್ರ ನೋಡಿಸ್ತಾರೆ."

"ಹೇಳಿದ್ರೆ ನನ್ನ ಪ್ರಮಾಣಪತ್ರ ಹೋಗುತ್ತೆ."

"ಹೌದು."

ಮಹಡಿಯಿಂದ ನೆಲ್ಸಾ ಕೂಗಿದಳು. "ರಮಿರೊ, ಮಾಂಸ ಸೀದುಹೋಗ್ತಿದೆ ಕಣೋ, ಈರುಳ್ಳಿ ಬೆಳೆಯೋಕೆ ಹಾಕಿದೀಯಾ ಹೇಗೆ?" ಮೇಲೆ ಎಲ್ಲರೂ ನಕ್ಕರು.

ರಮಿರೊ ಅವಳ ಕಣ್ಣು ತಪ್ಪಿಸಿದ. "ಈಗಿನ ಆಟ ಒಪ್ಪಿಸಿಬಿಡೋಣ. ಆಮೇಲೆ ಹೇಳ್ತೀನಿ."

"ಆಮೇಲೆ ಇನ್ನೊಂದು ಆಟ ಇರುತ್ತೆ."

"ಹಾಗಲ್ಲ, ಫ್ಲಾಕಾ..."

"ಹಾಗೇ."

ಅವನು ಕೈ ಒರೆಸಿಕೊಂಡ. ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಕೇಳು. ಮದುವೆಯಾಗೋಣ. ನಾಳೆಯೇ ಬೇಕಾದ್ರೆ ನೋಂದಣಿಗೆ ಹೆಸರು ಕೊಡೋಣ. ಸ್ಟುಡಿಯೊ ಅರ್ಧ ನಿಂದು. ಬಾಗಿಲ ಮೇಲೆ ನಿನ್ನ ಹೆಸರು ಮೊದಲು, ನಂದು ಆಮೇಲೆ. ಮೇಲೆ ಇರೋ ಅಷ್ಟೂ ಜನರ ಮುಂದೆ ಈಗಲೇ ಹೇಳ್ತೀನಿ, ಬಾ."

"ಅವರಿಗೆ ಇನ್ನೊಂದು ವಿಷಯವನ್ನೂ ಹೇಳ್ತೀಯಾ?"

ಅವನ ಹಿಡಿತ ಬಿಗಿಯಾಯಿತು.

ಮದುವೆಯ ಮಾತಿನಲ್ಲಿ ಕಪಟವಿರಲಿಲ್ಲ. ತನ್ನ ಸಹಿಯೊಂದನ್ನು ಬಿಟ್ಟು ತನ್ನದೆನ್ನುವುದೆಲ್ಲವನ್ನೂ ಅವನು ಅವಳಿಗೆ ಕೊಡುತ್ತಿದ್ದ. ಹಿಂದಿನ ಭಾನುವಾರ ಕೇಳಿದ್ದರೆ ಅವಳು ಈ ಅಡುಗೆಮನೆಯಲ್ಲೇ ಕುಣಿಯುತ್ತಿದ್ದಳು.

"ನಾನು ನಿನ್ನ ಪ್ರೀತಿಸ್ತೀನಿ, ಇರುಪೆ."

"ನಾನೂ."

ಅವನ ಮುಖದಲ್ಲಿ ಜೀವ ಬಂತು. "ಹಾಗಾದ್ರೆ ಆಗೋಣ ಅಲ್ವಾ?"

ಅವಳು ಕೈ ಬಿಡಿಸಿಕೊಂಡಳು.

"ಬೇಡ."