ಏಳು ವರ್ಷದ ಗೂಟಗಳು

"ಅಯ್ಯೋ... ಮುಟ್ಟಬೇಡಿ! ಬಿಡಿ ಅದನ್ನ!"

ಅವಳು ಕೂಗಿಕೊಂಡು ಓಡಿಬಂದಳು. ಎದುರಿಗೆ ನಿಂತಿದ್ದ ಬಡಗಿಯ ಕೈಯಲ್ಲಿ ಮಣ್ಣು ಮೆತ್ತಿದ ಮರದ ಗೂಟ. ಪಕ್ಕದಲ್ಲಿ ಕಿತ್ತು ಹಾಕಿದ್ದ ಇನ್ನೂ ನಲವತ್ತು!

ಸರ್ಕಾರಿ ಮರ ಸಂಶೋಧನಾಲಯದ ಹಿತ್ತಲು ಅದು. ಬೇಗ ಬೆಳೆಯುವ ಅಗ್ಗದ ಮರಕ್ಕೆ ಔಷಧಿ ಉಣಿಸಿದರೆ ಗೆದ್ದಲು ತಡೆದೀತೇ ಎಂದು ನೋಡಲು ಅಲ್ಲಿನ ವಿಜ್ಞಾನಿಯಾದ ಅವಳು ಏಳು ವರ್ಷದಿಂದ ಗೂಟ ನೆಟ್ಟು ಕಾಯುತ್ತಿದ್ದಳು. ತಡೆದರೆ, ಕಂಬಕ್ಕೂ ತೊಲೆಗೂ ನೂರು ವರ್ಷದ ಕಾಡುಮರ ಕಡಿಯಬೇಕಿಲ್ಲ. ಆದರೆ ಯಾವ ಗೂಟ ಎಲ್ಲಿತ್ತು ಎನ್ನುವುದು ಗೊತ್ತಿರಲೇಬೇಕು. ಗೂಟಕ್ಕೆ ಹೊಡೆದಿದ್ದ ತಗಡಿನ ಚೀಟಿಗಳು ಎಂದೋ ತುಕ್ಕು ಹಿಡಿದು ಉದುರಿದ್ದವು; ಯಾವ ಗೂಟಕ್ಕೆ ಯಾವ ಔಷಧಿ ಎನ್ನುವುದಕ್ಕೆ ಸಾಲುಗಳ ನಕ್ಷೆಯೊಂದೇ ಆಧಾರ. ನಾಡಿದ್ದು ಪ್ರಯೋಗ ಪರಿಶೀಲಿಸಲು ತಜ್ಞರ ತಂಡ ಬರುವುದಿತ್ತು.

"ಯಾರು ಹೇಳಿದ್ರು ಕೀಳೋಕೆ? ಕಣ್ಣು ಕಾಣಲ್ವಾ ನಿಮಗೆ?"

"ಬೇಲಿ ಹಾಕೋಕೆ ಜಾಗ ಖಾಲಿ ಮಾಡು ಅಂದ್ರು ಮೇಸ್ತ್ರಿ. ಮೇಡಂ, ಒಂದ್ನಿಮಿಷ ನನ್ನ ಮಾತು..."

"ಒಂದು ಮಾತೂ ಬೇಡ! ನನ್ನ ಏಳು ವರ್ಷ ಮಣ್ಣುಪಾಲು ಮಾಡಿದ್ರಿ. ಹೋಗಿ ಇಲ್ಲಿಂದ!"

ಅವನು ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ನಡೆದ. ನಮ್ಮ ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ! ಅದು ಬಂತೆಂದರೆ ಎದುರಿನವರ ಮಾತು ಕಿವಿಗೇ ಬೀಳುವುದಿಲ್ಲ.

ರಾಶಿಯ ಪಕ್ಕ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲರೂ ಅಕ್ಕ ಎಂದು ಕರೆಯುವ ಪ್ರಯೋಗಾಲಯದ ಸಹಾಯಕಿ ಬಂದು ಒಂದು ಗೂಟ ಎತ್ತಿ ತಿರುಗಿಸಿದಳು.

"ಏ, ಅಳೋದನ್ನ ಆಮೇಲೆ ಅಳು. ಮೊದಲು ಇದನ್ನ ನೋಡು!"

ಗೂಟದ ತಲೆಯ ಮೇಲೆ ಬಡಗಿಯ ಪೆನ್ಸಿಲ್ ಬರಹ... ಮೂರನೇ ಸಾಲು, ಏಳನೆಯದು. ಕಟ್ಟಡದ ಕಡೆಗಿದ್ದ ಮುಖಕ್ಕೆ ಬಾಣ, ಮಣ್ಣಿನ ಮಟ್ಟಕ್ಕೆ ಗೆರೆ. ಅವಳು ಕಣ್ಣೊರೆಸಿಕೊಂಡು ಒಂದೊಂದೇ ಎತ್ತಿ ನೋಡಿದಳು. ನಲವತ್ತೊಂದಕ್ಕೂ ಗುರುತಿತ್ತು!

"ಉಳೀತು ಅಕ್ಕ... ಎಲ್ಲಾ ಉಳೀತು!"

ಹೋದ ಜೀವ ಬಂದ ಹಾಗಾಯಿತು. ಅಳುತ್ತಲೇ ನಕ್ಕಳು, ಅಕ್ಕನನ್ನು ಅಪ್ಪಿಕೊಂಡಳು. ಮರುಕ್ಷಣ ಮುಖ ಸಪ್ಪಗಾಯಿತು. 'ಛೇ! ಪಾಪ, ಏನೆಲ್ಲ ಅಂದುಬಿಟ್ಟೆ ಅವರಿಗೆ...'

ಮರುದಿನ ಬೆಳಗ್ಗೆಯೇ ಬಡಗಿಯ ಮರಗೆಲಸದ ಅಂಗಡಿ ಹುಡುಕಿಕೊಂಡು ಹೋದಳು. ಬಾಗಿಲಲ್ಲಿ ಅವನ ತಾಯಿ.

"ನಮ್ಮ ಹುಡುಗನಿಗೆ ಮಂಗಳಾರತಿ ಎತ್ತಿದ ಡಾಕ್ಟ್ರಮ್ಮ ನೀವೇನಾ? ಬನ್ನಿ, ನಿನ್ನೆಯಿಂದ ಅವನ ಬಾಯಲ್ಲಿ ನಿಮ್ದೇ ಮಾತು!"

"ಅಮ್ಮಾ!" ಒಳಗಿಂದ ಗಾಬರಿಯ ದನಿ. ಕೂದಲ ತುಂಬ ಮರದ ಪುಡಿ ಮಾಡಿಕೊಂಡು ಅವನು ಹೊರಬಂದ.

"ನನ್ನದೇ ತಪ್ಪು, ಕ್ಷಮಿಸಿ... ಆದ್ರೆ ಗುರುತು ಯಾಕೆ ಹಾಕಿಟ್ರಿ?"

"ಹಳೇ ಬಾಗಿಲು ಬಿಚ್ಚಿದ್ರೂ ನಾವು ಗುರುತು ಹಾಕೇ ಬಿಚ್ಚೋದು ಮೇಡಂ. ಇವಂತೂ ಅಳತೆ ಹಿಡಿದು ನೆಟ್ಟ ಹಾಗಿದ್ವು. ಯಾರೋ ಜೀವ ಇಟ್ಟು ಮಾಡಿರೋ ಕೆಲಸ ಅನ್ನಿಸ್ತು."

ಅವಳ ಕಣ್ಣು ತುಂಬಿತು. 'ಏಳು ವರ್ಷದಲ್ಲಿ ಈ ಮಾತು ಯಾರೂ ಹೇಳಿರಲಿಲ್ಲ...'

ಸಂಜೆಯೊಳಗೆ ಇಬ್ಬರೂ ಸೇರಿ ಎಲ್ಲ ಗೂಟಗಳನ್ನೂ ಮತ್ತೆ ಆಯಾ ಕುಳಿಯಲ್ಲೇ ನೆಟ್ಟರು. ಕಿತ್ತದ್ದನ್ನು ಅವಳು ತಜ್ಞರಿಂದ ಮುಚ್ಚಿಡಲಿಲ್ಲ. ಅವರು ಗುರುತುಗಳನ್ನು ನಕ್ಷೆಗೆ ಹಿಡಿದು ನೋಡಿ, ತಲೆದೂಗಿ, ಪ್ರಯೋಗ ಮುಂದುವರಿಸಿ ಎಂದರು. ಬೇಲಿಗೆ ಬೇರೆ ಜಾಗ ಸಿಕ್ಕಿತು. ನಾಲ್ಕು ದಿನದ ಬೇಲಿ ಕೆಲಸ ಹದಿನೈದು ದಿನ ಹಿಡಿಯಿತು. ಯಾಕೆ ಅಂತ ಅಕ್ಕನನ್ನು ಕೇಳಿ, ನನ್ನನ್ನಲ್ಲ!

ಕೊನೆಯ ದಿನ ಅವನು ಚೀಲ ಹೆಗಲಿಗೇರಿಸಿದ. ಅವಳು ಬೇಲಿಯವರೆಗೂ ಜೊತೆಗೆ ಬಂದಳು.

"ಇನ್ನೆಷ್ಟು ವರ್ಷ ಮೇಡಂ ಈ ಗೂಟಗಳು?"

"ಇನ್ನೂ ಎಂಟು. ಆರು ತಿಂಗಳಿಗೊಮ್ಮೆ ತಪಾಸಣೆ... ನೀವೂ ಬರ್ತೀರಾ?"

"ಇಲ್ಲ."

ಅವಳು ಹೊರಡಲೆಂದು ತಿರುಗಿದಳು.

"ಆರು ತಿಂಗಳಿಗೊಮ್ಮೆ ನಿಮ್ಮನ್ನ ನೋಡೋದು ನನ್ನಿಂದಾಗಲ್ಲ. ದಿನಾ ನೋಡ್ಬೇಕು. ನೀವಂದ್ರೆ ನಂಗೆ ತುಂಬಾ ಇಷ್ಟ."

"ಅದನ್ನ ಹೇಳೋಕೆ ಹದಿನೈದು ದಿನ ಬೇಕಿತ್ತಾ?" ಅವಳು ಅವನ ಹೆಗಲಿನ ಚೀಲ ಎಳೆದು ಕೆಳಗಿಟ್ಟಳು. "ನಂಗೂ ಇಷ್ಟ ಕಣ್ರೀ..."

"ಹಾಗಾದ್ರೆ... ಅಮ್ಮಂಗೆ ಹೇಳ್ಲಾ?"

"ಹೇಳಿ. ಭಾನುವಾರ ನಮ್ಮಪ್ಪನ್ನ ಕರ್ಕೊಂಡು ನಾನೇ ಬರ್ತೀನಿ."