ಮೆಂಬರ್ ಮನೆ ದಾಟದ ಪ್ರಶ್ನೆ

“ಈಗ ನಂದು! ಅಂಕಿತಾ ಆದ್ಮೇಲೆ ನಾನೇ ಬರೋದು, ನೋಡ್ರಿ!”

ಭಾಗ್ಯಲಕ್ಷ್ಮಿ ಟಿವಿಯ ಮುಂದೆ ಮಂಡಿಯೂರಿ ಕೂತು ಕೂಗಿದಳು. ಆನೆಕೊಂಡದಲ್ಲಿ ನೆರೆಮನೆಯ ಅಕ್ಕನಾಗಮ್ಮನವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಅರ್ಧ ಜನರನ್ನು ಅವಳೇ ಕರೆತಂದಿದ್ದಳು. ಅಜ್ಜಿ ಕಾಳವ್ವ ಹಬ್ಬದ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದಳು.

ಊರಿನ ಕೇಬಲ್ ಚಾನೆಲ್‌ನಲ್ಲಿ ಭಾನುವಾರ ಬೆಳಿಗ್ಗೆ ‘ಮಕ್ಕಳೇ, ಏನು ಬೇಕಾದರೂ ಕೇಳಿ’ ಎಂಬ ಕಾರ್ಯಕ್ರಮ ಬರುತ್ತಿತ್ತು. ಶೂಟಿಂಗ್ ಶುಕ್ರವಾರವೇ ಮುಗಿದಿತ್ತು. ಏನು ಕೇಳಿದೆ ಎಂದು ಅಜ್ಜಿ ಎಷ್ಟು ಸಲ ಕೇಳಿದರೂ ಭಾಗ್ಯಾ, “ಟಿವ್ಯಾಗೇ ನೋಡು” ಎಂದಿದ್ದಳು.

ಪರದೆಯ ಮೇಲೆ ಅಂಕಿತಾ ಬಂದಳು. ಮುನ್ಸಿಪಾಲ್ಟಿ ಮೆಂಬರ್ ಶಿವಯೋಗಪ್ಪನವರ ಮಗಳು. ಜಿರಾಫೆ ಕುತ್ತಿಗೆ ಯಾಕೆ ಉದ್ದ ಎಂದು ಕೇಳಿದಳು. ಉತ್ತರವೂ ಬಂತು.

ಆಮೇಲೆ ಒಂದು ಗುಲಾಬಿ ಹೂವು ಬಂತು.

ಹಿಂದೆ ಕೊಳಲು ಊದುತ್ತಿತ್ತು. ಹೂವು ಆ ಕಡೆ ಬಾಗಿತು. ಈ ಕಡೆ ಬಾಗಿತು. ಮತ್ತೆ ಆ ಕಡೆ ಬಾಗಿತು.

“ನೀನೆಲ್ಲಿ ಇದೀಯೇ?” ಎಂದಳು ಅಜ್ಜಿ.

“ಹೂವಿನ ಹಿಂದೆ ಅಡಗ್ಯಾಳೆ ಬಿಡಜ್ಜಿ,” ಎಂದ ಪಕ್ಕದ ಮನೆಯ ಪರಶುರಾಮ. ಎಲ್ಲರೂ ನಕ್ಕರು. ಸೀರೆ ಅಂಗಡಿಯ ಜಾಹೀರಾತು ಬಂದು ಕಾರ್ಯಕ್ರಮ ಮುಗಿಯಿತು.

“ಸುಳ್ಳಿ! ಟಿವ್ಯಾಗ ಬರ್ತಾಳಂತೆ!” ಪರಶುರಾಮ ಓಣಿಯುದ್ದಕ್ಕೂ ಸಾರಿಕೊಂಡು ಹೋದ. ಅಜ್ಜಿ ಮನೆಗೆ ಹೋಗಿ ಹಬ್ಬದ ಸೀರೆ ಬದಲಾಯಿಸಿದಳು. ಭಾಗ್ಯಾಳಿಗೆ ಅದೇ ಹೆಚ್ಚು ನೋವಾಯಿತು.

ಅವಳು ಸುಳ್ಳು ಹೇಳಿರಲಿಲ್ಲ. ಕ್ಯಾಮೆರಾ ಮುಂದೆ ನಿಂತು ಗಟ್ಟಿಯಾಗಿ ಕೇಳಿದ್ದಳು: ‘ಹೊಳೆ ನೀರು ಹರಿಹರದಿಂದ ಅಷ್ಟು ದೂರ ಬರ್ತೈತೆ. ಮೆಂಬರ್ ಮನೆ ದಾಟಿ ನಮ್ಮ ಓಣಿಗೆ ಬರೋಕೆ ಮಾತ್ರ ಅದಕ್ಕೆ ಯಾಕ ಸುಸ್ತಾಗ್ತೈತೆ?’

ಮಧ್ಯಾಹ್ನ ಅವಳು ದೇವರಾಜ ಅರಸು ಬಡಾವಣೆಯ ಕೇಬಲ್ ಆಫೀಸಿಗೆ ನಡೆದೇ ಹೋದಳು. ಮಾಲೀಕ ರುದ್ರಮುನಿ ಕ್ಯಾಸೆಟ್ ಒರೆಸುತ್ತಿದ್ದ.

“ಅಂಕಲ್, ನನ್ ಪ್ರಶ್ನೆ ಯಾಕ ಕಟ್ ಮಾಡಿದ್ರಿ?”

“ಟೈಮ್ ಸಾಲ್ಲಿಲ್ಲ ಪುಟ್ಟಿ.”

“ಗುಲಾಬಿಗೆ ಸಾಲ್ತಲ್ಲ?”

ರುದ್ರಮುನಿ ಕೆಮ್ಮಿದ. “ನೋಡವ್ವಾ, ಇದು ಪ್ರೈವೇಟ್ ಚಾನೆಲ್. ನಂದು. ಬೇಕಾದ್ದು ಹಾಕ್ತೀನಿ, ಬ್ಯಾಡಾದ್ದು ತೆಗೀತೀನಿ. ನಂಗೆ ಯಾರೂ ಹೇಳಂಗಿಲ್ಲ, ಕೇಳಂಗಿಲ್ಲ!”

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಯಾರೂ ಹೇಳಂಗಿಲ್ಲದ ಮನುಷ್ಯ ಎದ್ದು ನಿಂತು, ತನ್ನ ಕರ್ಚೀಫಿನಿಂದಲೇ ಕುರ್ಚಿ ಒರೆಸಿದ. “ಬರ್ರಿ ಸಾಹೇಬ್ರೆ, ಕೂಡ್ರಿ!”

ಮೆಂಬರ್ ಶಿವಯೋಗಪ್ಪ ಕೂತರು. “ಯಾವ ಕ್ಲಾಸಮ್ಮ?” ಎಂದು ನಗುತ್ತಾ ಕೇಳಿದರು.

“ಐದು. ನನ್ ಪ್ರಶ್ನೆ ತೆಗೆಸಿದ್ದು ನೀವೇನ್ರಿ?”

ಮೆಂಬರಿಗೆ ಚಹಾ ಬಗ್ಗಿಸುತ್ತಿದ್ದ ರುದ್ರಮುನಿ ಕಪ್ಪು ಬಿಟ್ಟು ಸಾಸರಿಗೇ ಬಗ್ಗಿಸಿದ. ಮೆಂಬರ್ ಮಾತ್ರ ಇನ್ನಷ್ಟು ನಕ್ಕರು.

“ಛೇ ಛೇ! ಮುನ್ಸಿಪಾಲ್ಟಿಗೂ ಕೇಬಲ್‌ಗೂ ಏನಮ್ಮ ಸಂಬಂಧ? ಅವರದು ಪ್ರೈವೇಟು. ಮನಸು ಬಂದ್ರೆ ಹಾಕ್ತಾರೆ, ಇಲ್ಲಾಂದ್ರೆ ಬಿಡ್ತಾರೆ. ನಾವು ಯಾರ ಬಾಯೀನೂ ಮುಚ್ಚಿಸೋ ಜನ ಅಲ್ಲ.”

“ನಾನೂ ಅದೇ ಹೇಳ್ತಿದ್ದೆ ಸಾಹೇಬ್ರೆ!” ಎಂದ ರುದ್ರಮುನಿ.

ಇಬ್ಬರು ದೊಡ್ಡವರು ಇಷ್ಟು ಚೆನ್ನಾಗಿ ಒಪ್ಪಿಕೊಂಡದ್ದನ್ನು ಭಾಗ್ಯಾ ಎಂದೂ ನೋಡಿರಲಿಲ್ಲ.

ಚಹಾ ಮುಗಿಸಿ ಮೆಂಬರ್ ಬಾಗಿಲಿಗೆ ಬಂದರು. ತಲೆಯೆತ್ತಿ ಬೀದಿಯ ಕಂಬ ನೋಡಿದರು.

“ರುದ್ರಮುನಿ, ನಮ್ಮ ಮುನ್ಸಿಪಾಲ್ಟಿ ಕಂಬದ ಮ್ಯಾಲೆ ನಿನ್ ವೈರು ಭಾಳ ಜೋತು ಬಿದ್ದಾವೆ, ಬಿಚ್ಚಿಸಬೇಕಾಗ್ತೈತೆ ಅಂತ ನಿನ್ನೆ ಫೋನ್ ಮಾಡಿದ್ದೆನಲ್ಲ?”

“ಹೌದ್ರಿ.”

“ಇವತ್ತು ಟಿವಿ ನೋಡಿ ಬಂದೆ. ಈಗ ಅಷ್ಟೇನ್ ಜೋತು ಬಿದ್ದಂಗೆ ಕಾಣಲ್ಲ ಬಿಡು.”

“ಇಲ್ರಿ ಸಾಹೇಬ್ರೆ, ಇಲ್ಲೇ ಇಲ್ರಿ.”

ಭಾಗ್ಯಾಳೂ ಮೇಲೆ ನೋಡಿದಳು. ಕಪ್ಪು ವೈರು ಸ್ಕಿಪ್ಪಿಂಗ್ ಹಗ್ಗದ ಹಾಗೆ ಜೋತಾಡುತ್ತಿತ್ತು.

ಅವಳು ದಾರಿಯುದ್ದಕ್ಕೂ ತಲೆಯೆತ್ತಿಕೊಂಡೇ ನಡೆದಳು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ, ಅಲ್ಲಿಂದ ಮತ್ತೊಂದಕ್ಕೆ ವೈರು ಹೋಗುತ್ತಲೇ ಇತ್ತು. ಎಲ್ಲವೂ ಮುನ್ಸಿಪಾಲ್ಟಿ ಕಂಬಗಳೇ; ಪ್ರತಿ ಕಂಬದಲ್ಲೂ ಒಂದು ಗಂಟು. ಎದುರಿಗೆ ಬಂದ ಸೈಕಲ್ಲಿನವನು “ಕೆಳಗೆ ನೋಡವ್ವಾ!” ಎಂದು ಬೈದು ಹೋದ.

ಓಣಿಯ ಬೋರಿನ ಹತ್ತಿರ ಕೊಡಗಳ ಸಾಲು ನಿಂತಿತ್ತು. ಅಜ್ಜಿಯೂ ಇದ್ದಳು.

“ಬಂದ್ಲು ಗುಲಾಬಿ!” ಎಂದ ಪರಶುರಾಮ.

ಭಾಗ್ಯಾ ಸಿಟ್ಟಾಗಲಿಲ್ಲ. ಕ್ಯಾಮೆರಾ ಮುಂದೆ ನಿಂತ ಹಾಗೇ ನಿಂತು, ಅಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಕೇಳಿದಳು.

ಬೋರು ಒತ್ತುತ್ತಿದ್ದ ಅಕ್ಕನಾಗಮ್ಮನವರ ಕೈ ನಿಂತಿತು.

“ಹಿಂಗೇ ಕೇಳಿದ್ಯೇನೇ?” ಪರಶುರಾಮ ಮೆಲ್ಲಗೆ ಕೇಳಿದ. “ಹಂಗಾದ್ರೆ ಗುಲಾಬಿ ಬರದೆ ಇನ್ನೇನ್ ಬರ್ತೈತೆ!”

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಡಿ, ಆ ರುದ್ರಮುನೀನ ಕೇಳೇ ಬರಾನ. ನನ್ ಮೊಮ್ಮಗಳ ಮಾತು ತೆಗೆಯೋಕೆ ಅವನ್ಯಾವನು?”

“ಬ್ಯಾಡ ಅಜ್ಜಿ,” ಭಾಗ್ಯಾ ಖಾಲಿ ಕೊಡ ಎತ್ತಿಕೊಂಡು ಸಾಲಿನಲ್ಲಿ ನಿಂತಳು. “ಪಾಪ, ಅವರ ವೈರು ಭಾಳ ಉದ್ದ ಐತೆ.”