ಹಾಲಮ್ಮನ ಬೆರಳು

ರಕ್ತಲಿಪಿ ಯಂತ್ರ ನಾಲ್ಕನೆಯ ಚೀಟಿಗೂ ಕೆಂಪು ದೀಪ ತೋರಿಸಿದಾಗ ಹಾಲಮ್ಮನ ಎದೆ ಧಸಕ್ಕೆಂದಿತು. ಹತ್ತನೆಯದರ ಹೊತ್ತಿಗೆ ಅವಳು ತನ್ನ ಬೆರಳ ತುದಿಯನ್ನೇ ನೋಡುತ್ತ ಕೂತಳು. ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಆ ಓಣಿಯ ಇಪ್ಪತ್ಮೂರು ಚೀಟಿಗಳಿಗೂ ಅವತ್ತು ಕೆಂಪೇ ಬಂತು. ಹದಿನಾಲ್ಕು ತಿಂಗಳಿಂದ ಒಂದಕ್ಕೂ ಹಸಿರು ತಪ್ಪಿರಲಿಲ್ಲ.

ಇದು ಮುಂದೆ ಮೂವತ್ತು ವರ್ಷ ಕಳೆದ ಮೇಲಿನ ಮಾತು. ಯಂತ್ರದ ಕೆಲಸವೇನೋ ಸರಳ. ಕ್ಷಯದ ರೋಗಾಣು ಶ್ವಾಸಕೋಶದಲ್ಲಿ ಬೀಡುಬಿಟ್ಟೊಡನೆ ದೇಹ ಅದರ ಮೇಲೆ ಕಾಳಗ ಹೂಡುತ್ತದೆ. ಕೆಮ್ಮು ಶುರುವಾಗುವ ಮೊದಲೇ ರಕ್ತದ ಕೆಲವು ಪ್ರೋಟೀನುಗಳು ಏರುತ್ತವೆ, ಕೆಲವು ಇಳಿಯುತ್ತವೆ. ಅಂಥ ಹನ್ನೊಂದನ್ನು ಆರಿಸಿ ವಿಜ್ಞಾನಿಗಳು ‘ಸುಳಿವು ಪ್ರೋಟೀನು’ ಎಂದು ಹೆಸರಿಟ್ಟರು. ಕಫ ಬೇಡ, ಎಕ್ಸ್‌ರೇ ಬೇಡ. ತಿಂಗಳಿಗೊಮ್ಮೆ ಮನೆಯಲ್ಲೇ ಬೆರಳು ಚುಚ್ಚಿ, ತನ್ನ ಹೆಸರಿನ ಚೀಟಿಯ ಮೇಲೆ ಒಂದು ಹನಿ ಒತ್ತಿ ಯಂತ್ರದ ಪೆಟ್ಟಿಗೆಗೆ ಹಾಕಿದರೆ ಸಾಕು. ರೋಗ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಇದ್ದರೆ ಎಷ್ಟು ಹಳೆಯದು ಎಂಬುದನ್ನೂ ಯಂತ್ರ ಹೇಳುತ್ತಿತ್ತು.

ಹಸಿರು ಬಾರದವರು ಒಳಗೆ ಬರಬೇಡಿ ಎಂದರು ಭಟ್ಟಿಯ ಮಾಲೀಕರು. ತಿನ್ನುವ ಪದಾರ್ಥ, ಅವರನ್ನು ಅನ್ನುವಂತೆಯೂ ಇಲ್ಲ. ಓಣಿ ಹೆದರಿತು. ಮೊದಲ ಸಲ ಧೈರ್ಯವಾಗಿ ರಕ್ತ ಕೊಟ್ಟವಳು ಹಾಲಮ್ಮ ಒಬ್ಬಳೇ, ಹಸಿರು ಬಂತು. ಮರುದಿನವೇ ಗೆಳತಿ ಖಾತೂನ್‌ಬಿ ತನ್ನ ಚೀಟಿ ಹಿಡಿದು ಬಂದಳು. “ನಿನ್ ಬೆರಳು ಒಂಚೂರು ಕೊಡೇ.” ಇಬ್ಬರೂ ಎದುರುಬದುರು ಕೂತು ಒಂದೇ ಜರಡಿ ಹಿಡಿದು ಮಂಡಕ್ಕಿ ಸೋಸುವವರು. ಇಲ್ಲ ಅನ್ನಲಾದೀತೆ? ಒಬ್ಬಳಿಗೆ ಕೊಟ್ಟ ಮೇಲೆ ಉಳಿದವರೂ ಬಂದರು. ಉಪ್ಪು, ಸಕ್ಕರೆ ಕೊಟ್ಟ ಹಾಗೆ ಹಾಲಮ್ಮ ತಿಂಗಳು ತಿಂಗಳೂ ಎಲ್ಲರ ಚೀಟಿಗೂ ಬೆರಳು ಕೊಟ್ಟಳು. ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ. ಹೊಗೆಯಲ್ಲಿ ದುಡಿಯುವ ಓಣಿಯಲ್ಲಿ ಕೆಮ್ಮದವರು ಯಾರು?

ಸಂಜೆಯ ಹೊತ್ತಿಗೆ ಯಂತ್ರ ರೂಪಿಸಿದ ಡಾಕ್ಟರ್ ಚಂದ್ರಕಲಾ ಓಡಿಬಂದರು. ಯಂತ್ರದ ಅಂಕಿಗಳನ್ನು ನೋಡುತ್ತ ಹುಬ್ಬು ಗಂಟಿಕ್ಕಿದರು.

“ಇಪ್ಪತ್ಮೂರು ಜನರದ್ದೂ ಒಂದೇ ಅಳತೆ. ಇದು ಒಬ್ಬರ ರಕ್ತ. ಯಾರದು?”

“ಇಷ್ಟ್ ದಿನ ಯಾಕ್ ಗೊತ್ತಾಗ್ಲಿಲ್ರೀ ನಿಮ್ಗೆ?” ಎಂದಳು ಖಾತೂನ್‌ಬಿ.

“ಹಸಿರು ಬಂದ್ರೆ ಅಂಕಿ ಇಟ್ಕೊಳ್ತಿರಲಿಲ್ಲ. ಆರೋಗ್ಯ ಇದ್ದೋರ್ದು ನಮಗ್ಯಾಕೆ ಅಂದ್ಕೊಂಡ್ವಿ. ತಪ್ಪು ನಮ್ದೇ.” ಡಾಕ್ಟರು ಮುಚ್ಚಿಡಲಿಲ್ಲ. “ನಿಜ ಹೇಳ್ರಿ. ಇಲ್ಲಾಂದ್ರೆ ಎಲ್ರೂ ಆರು ತಿಂಗಳು ಗುಳಿಗೆ ನುಂಗಬೇಕಾಗ್ತದೆ.”

“ನುಂಗ್ತೀವಿ ಬಿಡ್ರಿ. ಇಪ್ಪತ್ಮೂರು ಜನಾನೂ ಹೊರಗ ಹಾಕಿದ್ರೆ ಭಟ್ಟಿ ಯಾರು ಹಚ್ತಾರೆ?” ಎಂದಳು ಖಾತೂನ್‌ಬಿ.

ಓಣಿ ನಕ್ಕಿತು. ತನ್ನನ್ನು ಕಾಯಲು ಗೆಳತಿ ಹೀಗನ್ನುತ್ತಿದ್ದಾಳೆ ಎಂದು ಹಾಲಮ್ಮನಿಗೆ ಕಣ್ಣು ತುಂಬಿತು. ಅವಳು ಎದ್ದು ನಿಂತಳು.

“ನಂದ್ರೀ ಅದು. ಇಲ್ದಿರೋ ರೋಗಕ್ಕೆ ಈ ಮಂದೀಗೆ ಗುಳಿಗೆ ತಿನ್ನಿಸ್ಬ್ಯಾಡ್ರಿ.”

ಡಾಕ್ಟರು ಎಲ್ಲರ ಬೆರಳನ್ನೂ ಕಣ್ಣೆದುರೇ ಚುಚ್ಚಿಸಿದರು. ಹಸಿರು, ಹಸಿರು, ಮತ್ತೆ ಹಸಿರು. ಓಣಿಗೆ ಓಣಿಯೇ ನಿರಾಳವಾಗಿ ಉಸಿರು ಬಿಟ್ಟಿತು. ಕೊನೆಗೆ ಉಳಿದವಳು ಖಾತೂನ್‌ಬಿ. ಅವಳ ಕೈ ಸೆರಗಿನೊಳಗೇ ಇತ್ತು.

“ನಂದು ಬರೀ ಹೊಗೆ ಕೆಮ್ಮು. ನಂಗೆ ಬ್ಯಾಡ,” ಎಂದಳು. ಹಾಲಮ್ಮನೇ ಆ ಕೈ ಹಿಡಿದು ಮುಂದೆ ಮಾಡಿದಳು.

ಕೆಂಪು. ಹಾಲಮ್ಮನ ರೋಗ ಮೂರು ವಾರದ್ದು, ಖಾತೂನ್‌ಬಿಯದು ಹದಿನಾರು ತಿಂಗಳದ್ದು.

“ನಾನೇ ಹಚ್ಚಿದ್ನಲ್ಲೇ ನಿಂಗೆ!” ಖಾತೂನ್‌ಬಿ ಹಣೆ ಹಣೆ ಚಚ್ಚಿಕೊಂಡಳು. ಆದರೆ ಹಾಲಮ್ಮನನ್ನು ಸುಟ್ಟದ್ದು ಬೇರೆಯೇ ಯೋಚನೆ. ಮೊದಲ ತಿಂಗಳು ಬೆರಳು ಕೊಡುವುದಿಲ್ಲ ಎಂದಿದ್ದರೆ ಖಾತೂನ್‌ಬಿಗೆ ಆವತ್ತೇ ಗುಳಿಗೆ ಸಿಗುತ್ತಿತ್ತು. ತಿಂಗಳಿಗೊಮ್ಮೆ ತನ್ನ ಕೈಯಾರೆ ಗೆಳತಿಯ ರೋಗವನ್ನು ಮುಚ್ಚಿಟ್ಟವಳು ತಾನೇ.

“ಡಾಕ್ಟ್ರೇ, ವಾಸಿ ಆಗ್ತದಲ್ರೀ?” ಗೆಳತಿಯ ಕೈ ಬಿಡದೆ ಹಾಲಮ್ಮ ಕೇಳಿದಳು.

ಡಾಕ್ಟರು ಖಾತೂನ್‌ಬಿಯ ಅಂಕಿಗಳನ್ನು ಎರಡು ಸಲ ಓದಿದರು. ಆಮೇಲೆ ಹಾಲಮ್ಮನ ಹೆಗಲ ಮೇಲೆ ಕೈಯಿಟ್ಟರು.

“ನಿಮ್ದು ಶುರುವಿನಲ್ಲೇ ಸಿಕ್ತು, ತಾಯಿ. ಆರು ತಿಂಗಳಿಗೆ ಪೂರ್ತಿ ವಾಸಿ.”

“ನಂದು ಕೇಳ್ಲಿಲ್ರೀ ನಾನು,” ಎಂದಳು ಹಾಲಮ್ಮ.